ಎಣಿಸದೆ ಕೊಟ್ಟ ಕಜ್ಜಾಯ

ಓಮಲೂರಿನಿಂದ ಧರ್ಮಪುರಿಯ ಕಡೆಗೆ ಹೊರಟವರಿಗೆ ಬಲಗಡೆಯಲ್ಲಿ ಸೇರ್ವರಾಯನ್ ಬೆಟ್ಟಗಳ ಸಾಲು ಬಹುದೂರ ಜೊತೆಯಾಗಿ ಬರುತ್ತದೆ. ಆ ಬೆಟ್ಟಗಳ ಬುಡದ ಸೀಮೆಯಲ್ಲಿ ಕಡಯಂಪಟ್ಟಿ ಇದೆ. ಕಬ್ಬು ಬೆಳೆಯುವ, ಬೆಲ್ಲ ಕಾಯಿಸುವ ನೆಲವಿದು. ಜುಲೈ ತಿಂಗಳ ನಡುವೆ ತಮಿಳು ಪಂಚಾಂಗದ ಆಡಿ ಮಾಸ ಕಾಲಿಡುವ ದಿನ ಇಲ್ಲಿಯ ಬೀದಿಗಳಲ್ಲಿ ಸಂಜೆಯಾಗುತ್ತಲೇ ಸಣ್ಣ ಸಣ್ಣ ಬೆಂಕಿಗಳು ಏಳುತ್ತವೆ. ಉದ್ದನೆಯ ಕೋಲಿನ ತುದಿಗೆ ಚುಚ್ಚಿದ ತೆಂಗಿನಕಾಯಿಗಳು ಉರಿಯ ಮೇಲೆ ತಿರುಗುತ್ತವೆ. ಸೇಲಂ, ಧರ್ಮಪುರಿ, ನಾಮಕ್ಕಲ್, ಈರೋಡು, ಕರೂರು ಸೀಮೆಗಳಲ್ಲಿ ಬಹುವಾಗಿ ಕಾಣುವ ತೆಂಗಿನಕಾಯಿ ಸುಡುವ ಹಬ್ಬವಿದು. ತಮಿಳರ ಮನೆಗಳಲ್ಲಿಯೂ ಅವರ ನೆರೆಯಲ್ಲಿ ಬಾಳುವ ಕನ್ನಡಿಗರ ಮನೆಗಳಲ್ಲಿಯೂ ಇದು ಮಕ್ಕಳ ಸಂಭ್ರಮವಾಗಿರುವಂತೆಯೇ ಹೊಸದಾಗಿ ಮದುವೆಯಾದವರ ಹಬ್ಬವೂ ಆಗಿದೆ.

ಪ್ರೀತಿಸಿದವರಿಗೆ ಕೈಯಾರೆ ಸಿಹಿ ಮಾಡಿ ಕೊಡುವುದು ಹೊರನಾಡಿನಿಂದ ಬಂದ ಹೊಸ ರೂಢಿಯೆಂದು ಹಿರಿಯರು ಕೆಲವರು ಮೂಗು ಮುರಿಯುತ್ತಾರೆ. ಫೆಬ್ರುವರಿ 14 ಬಂತೆಂದರೆ ಅಂಗಡಿಗಳಲ್ಲಿ ಹೃದಯದಾಕಾರದ ಪೆಟ್ಟಿಗೆಗಳು ಸಾಲುಗಟ್ಟುವುದನ್ನು ಕಂಡು ಹಾಗೆ ಹೇಳುವುದು ಸಹಜ. ಆ ಪೆಟ್ಟಿಗೆ ಇಂಗ್ಲೆಂಡಿನ ಚಾಕೊಲೇಟ್ ವ್ಯಾಪಾರಿ ರಿಚರ್ಡ್ ಕ್ಯಾಡ್ಬರಿ 1860ರ ದಶಕದಲ್ಲಿ ಮಾರುಕಟ್ಟೆಗೆ ತಂದದ್ದು ನಿಜ. ಆದರೆ ಗಂಡಹೆಂಡಿರ ನಡುವೆ ಒಲವಿನ ಮಾತನ್ನು ಸಿಹಿಯ ಮೂಲಕ ಸಾಗಿಸುವ ವಾಡಿಕೆ ಈ ಸೀಮೆಗೆ ಹೊಸದಲ್ಲ. ವರ್ಷದ ಎರಡು ಹಬ್ಬಗಳು, ಆಡಿಯ ಮೊದಲ ದಿನ ಮತ್ತು ದೀಪಾವಳಿ, ಅದರ ಸುತ್ತಲೇ ನಡೆಯುತ್ತವೆ. ಆ ವಾಡಿಕೆ ಎಲ್ಲಿ ಉಡುಗೊರೆಯಾಗಿ ಉಳಿದಿದೆ, ಎಲ್ಲಿ ಕಪ್ಪಕಾಣಿಕೆಯಾಗಿ ಗಟ್ಟಿಯಾಗಿದೆ ಎಂಬುದನ್ನು ಬಿಡಿಸಿ ನೋಡಬೇಕಾದ ಕಾಲ ಈಗ ಬಂದಿದೆ.

ಅಗಲಿಕೆಯ ಮುನ್ನಿನ ಸಿಹಿ

ಆಡಿಯಲ್ಲಿ ಹೊಸ ದಂಪತಿಗಳು ಒಂದೇ ಸೂರಿನಡಿ ಇರಬಾರದೆಂಬ ಕಟ್ಟು ಹಳೆಯದು. ಈ ತಿಂಗಳಲ್ಲಿ ಬಸಿರು ನಿಂತರೆ ಚಿತ್ತಿರೈ ತಿಂಗಳ ಬಿರುಬಿಸಿಲಿನಲ್ಲಿ ಹೆರಿಗೆಯಾಗಿ ತಾಯಿಮಗು ಇಬ್ಬರೂ ನರಳುತ್ತಾರೆಂಬುದು ಹಿರಿಯರು ಹೇಳುತ್ತ ಬಂದ ಕಾರಣ. ಕರ್ನಾಟಕದ ಹಳ್ಳಿಗಳಲ್ಲಿ ಆಷಾಢಕ್ಕೆ ಮಗಳನ್ನು ತವರಿಗೆ ಕರೆತರುವ ಪದ್ಧತಿಯೂ ಇದೇ ಬಗೆಯದು. ಚಾಂದ್ರಮಾನದ ಆಷಾಢ, ಸೌರಮಾನದ ಆಡಿ ಎಂಬ ಲೆಕ್ಕದ ವ್ಯತ್ಯಾಸವಿದ್ದರೂ ಅಗಲಿಕೆ ಒಂದೇ.

ಆಡಿಯ ಮೊದಲ ದಿನ ಅಳಿಯನನ್ನು ಮಾವನ ಮನೆಗೆ ಕರೆಯುತ್ತಾರೆ. ಊಟವಾಗುತ್ತದೆ, ತೆಂಗಿನಕಾಯಿ ಸುಡುವುದಾಗುತ್ತದೆ. ಬಳಿಕ ಅಳಿಯ ಹಿಂದಿರುಗುತ್ತಾನೆ, ಮಗಳು ತವರಿನಲ್ಲಿ ಉಳಿಯುತ್ತಾಳೆ. ಆ ಸಂಜೆಯ ಬೆಂಕಿಯ ಮುಂದೆ ಇಬ್ಬರೂ ಸೇರಿ ಮಾಡುವ ಸಿಹಿಯೇ ಒಂದು ತಿಂಗಳ ಮಟ್ಟಿಗೆ ಅವರು ಜೊತೆಯಾಗಿ ಉಣ್ಣುವ ಕೊನೆಯ ಸಿಹಿ.

ಅದನ್ನು ಮಾಡುವ ಬಗೆ ಸರಳವಾದರೂ ಕೈತುಂಬ ಕೆಲಸ ಬೇಡುತ್ತದೆ. ಬಲಿತ ತೆಂಗಿನಕಾಯಿಯ ನಾರನ್ನು ಪೂರ್ತಿಯಾಗಿ ಕಿತ್ತು, ಒರಟು ನೆಲಕ್ಕೆ ಉಜ್ಜಿ ಚಿಪ್ಪನ್ನು ನುಣುಪಾಗಿಸುತ್ತಾರೆ. ಮೂರು ಕಣ್ಣುಗಳಲ್ಲಿ ಮೆತ್ತಗಿರುವುದನ್ನು ತೆರೆದು ಎಳನೀರನ್ನು ಬಸಿದಿಟ್ಟುಕೊಳ್ಳುತ್ತಾರೆ. ಪುಡಿಮಾಡಿದ ಬೆಲ್ಲ, ಹುರಿಗಡಲೆ, ಎಳ್ಳು, ಹೆಸರುಬೇಳೆ, ಅವಲಕ್ಕಿ ಇವುಗಳನ್ನು ಆ ಕಣ್ಣಿನ ಮೂಲಕ ಚಿಟಿಕೆ ಚಿಟಿಕೆಯಾಗಿ ಒಳಗೆ ಸೇರಿಸಿ, ಬಸಿದ ನೀರಿನಲ್ಲಿ ಸ್ವಲ್ಪವನ್ನು ಮತ್ತೆ ಹೊಯ್ಯುತ್ತಾರೆ. ತಮಿಳಿನಲ್ಲಿ ಅಳಿಂಜಿ ಎಂದೂ ಕನ್ನಡದಲ್ಲಿ ಅಂಕೋಲೆ ಎಂದೂ ಕರೆಯುವ ಮರದ ಕೋಲನ್ನು ಹೆರೆದು ಚೂಪು ಮಾಡಿ ಅದೇ ಕಣ್ಣಿಗೆ ಬಿಗಿಯಾಗಿ ಚುಚ್ಚಿ, ಕಾಯಿಗೆ ಅರಿಸಿನ ಹಚ್ಚಿ ಬೆಂಕಿಗೆ ಒಡ್ಡುತ್ತಾರೆ. ಚಿಪ್ಪು ಕರಿದಾಗಿ ಬಿರಿಯುವ ತನಕ ಕೋಲನ್ನು ತಿರುಗಿಸುತ್ತಲೇ ಇರಬೇಕು. ಒಳಗಿನ ಬೇಳೆಯೂ ಅವಲಕ್ಕಿಯೂ ಬೆಲ್ಲದ ನೀರಿನಲ್ಲಿ ಬೆಂದು, ಕೊಬ್ಬರಿಯ ತಿರುಳಿಗೆ ಅಂಟಿಕೊಂಡು, ಹೊಗೆಯ ಪರಿಮಳವನ್ನು ಹೀರಿಕೊಂಡು ಸಿಹಿಯಾಗುತ್ತದೆ. ಮೊದಲು ಪಿಳ್ಳೆಯಾರಿಗೆ ನೈವೇದ್ಯ, ಆಮೇಲೆ ಮನೆಯವರಿಗೆ ಹಂಚಿಕೆ.

ಭಾರತ ಯುದ್ಧ ಆಡಿಯ ಮೊದಲ ದಿನ ಆರಂಭವಾಗಿ ಹದಿನೆಂಟರಂದು ಮುಗಿಯಿತೆಂದೂ, ಧರ್ಮ ಗೆಲ್ಲಲೆಂದು ಜನರು ಕಾಯಿ ಸುಟ್ಟು ಹರಕೆ ಒಪ್ಪಿಸಿದರೆಂದೂ ಈ ಹಬ್ಬದ ಹಿನ್ನೆಲೆಯ ಕತೆ ಹೇಳುತ್ತಾರೆ. ಹದಿನೆಂಟನೆಯ ದಿನ ಆಡಿಪೆರುಕ್ಕು. ಅಂದು ಮೇಟ್ಟೂರು, ಹೊಗೆನಕಲ್, ಭವಾನಿ ಕೂಡಲಿಗಳಲ್ಲಿ ಕಾವೇರಿಗೆ ಪೂಜೆ ಸಲ್ಲಿಸಿ, ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತಾಳಿಯ ಅರಿಸಿನದ ದಾರವನ್ನು ಬದಲಿಸಿಕೊಳ್ಳುತ್ತಾರೆ. ಕತೆ ಯುದ್ಧದ್ದಾದರೂ ಆಚರಣೆಯಲ್ಲಿ ಎದ್ದು ಕಾಣುವುದು ಅಗಲಿದ ಜೋಡಿಯ ಕಾಯುವಿಕೆ.

ಸುಟ್ಟ ಕಾಯಿಯ ಸಿಹಿಯಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಒಬ್ಬರು ಕಾಯಿ ಉಜ್ಜಿದರೆ ಮತ್ತೊಬ್ಬರು ತುಂಬುತ್ತಾರೆ, ಒಬ್ಬರು ಕೋಲು ಹಿಡಿದರೆ ಮತ್ತೊಬ್ಬರು ಉರಿ ನೋಡುತ್ತಾರೆ. ಹಿರಿಯರ ಎದುರಿನಲ್ಲಿ ಗಂಡಹೆಂಡಿರು ಅಕ್ಕಪಕ್ಕ ಕೂರುವುದೂ ಸಲ್ಲದೆಂದು ಭಾವಿಸುತ್ತಿದ್ದ ಕಾಲದಲ್ಲಿಯೂ ಈ ಬೆಂಕಿಯ ಮುಂದೆ ಜೊತೆಗೆ ಕೂರಲು ಅಡ್ಡಿಯಿರಲಿಲ್ಲ. ಮಾತಿಗೆ ಸಿಗದ ಎಡೆಯನ್ನು ಕೆಲಸ ಒದಗಿಸಿಕೊಡುತ್ತಿತ್ತು.

ಇಪ್ಪತ್ತೊಂದು ಕಜ್ಜಾಯ

ಆಡಿಯಲ್ಲಿ ಅಗಲಿದವರನ್ನು ಕೂಡಿಸಿ ಕೂರಿಸುವ ಹಬ್ಬ ದೀಪಾವಳಿ. ಮದುವೆಯಾದ ಮೊದಲ ದೀಪಾವಳಿಗೆ, ತಮಿಳರು ತಲೈದೀಪಾವಳಿ ಎನ್ನುವ ಹಬ್ಬಕ್ಕೆ, ಅಳಿಯನೂ ಮಗಳೂ ಹೆಣ್ಣಿನ ತವರಿಗೆ ಬರುತ್ತಾರೆ. ಆ ಹಬ್ಬದ ರಾಜ ಕಜ್ಜಾಯ. ತಮಿಳುನಾಡಿನ ಉಳಿದೆಡೆ ಇದನ್ನು ಅದಿರಸಂ ಎನ್ನುತ್ತಾರೆ. ಕೊಂಗು ಸೀಮೆಯ ತಮಿಳಿನಲ್ಲಿ ಕಚ್ಚಾಯಂ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಹೋಳಿಗೆಗೆ ಅಲ್ಲಿಯವರು ಹೇಳುವ ಒಪ್ಪುಟ್ಟು ಎಂಬ ಹೆಸರಿನಲ್ಲಿ ಒಬ್ಬಟ್ಟು ಸ್ಪಷ್ಟವಾಗಿ ಕೇಳುತ್ತದೆ. ಎರಡು ನುಡಿಗಳು ನೂರಾರು ವರ್ಷ ಒಂದೇ ಬೀದಿಯಲ್ಲಿ ಬಾಳಿದುದರ ಗುರುತು ಅಡುಗೆಮನೆಯಲ್ಲಿ ಹೀಗೆ ಉಳಿದುಕೊಂಡಿದೆ.

ದೀಪಾವಳಿಯ ಅಮಾವಾಸ್ಯೆಯಂದು ಕೇದಾರಗೌರಿಯ ವ್ರತ ಹಿಡಿಯುವವರು 21 ಎಳೆಯ ದಾರ, 21 ವೀಳ್ಯದೆಲೆ, 21 ಕಜ್ಜಾಯಗಳನ್ನಿಟ್ಟು ಪೂಜಿಸುತ್ತಾರೆ. ಕರ್ನಾಟಕದಲ್ಲಿ ಕೇದಾರೇಶ್ವರ ವ್ರತವೆಂದು ನಡೆಯುವುದೂ ಇದೇ. ಭೃಂಗಿ ಎಂಬ ಮುನಿ ಶಿವನೊಬ್ಬನಿಗೇ ಪ್ರದಕ್ಷಿಣೆ ಬಂದು ಪಾರ್ವತಿಯನ್ನು ಕಡೆಗಣಿಸಿದಾಗ, ಆಕೆ ಈ ವ್ರತವನ್ನಾಚರಿಸಿ ಗಂಡನ ದೇಹದ ಅರ್ಧಭಾಗವನ್ನು ಪಡೆದಳೆಂದು ಪುರಾಣ ಹೇಳುತ್ತದೆ. ಆ ಅರ್ಧನಾರೀಶ್ವರನ ಹೆಸರಾಂತ ಕ್ಷೇತ್ರ ತಿರುಚೆಂಗೋಡು. ಇಂದು ಅದು ನಾಮಕ್ಕಲ್ ಜಿಲ್ಲೆಗೆ ಸೇರಿದ್ದರೂ 1997ರ ಜನವರಿಯವರೆಗೆ ಸೇಲಂ ಜಿಲ್ಲೆಯಲ್ಲಿಯೇ ಇತ್ತು. ಬೆಟ್ಟದ ಮೇಲಿನ ಆ ಗುಡಿಯಲ್ಲಿ ದೇವರ ವಿಗ್ರಹ ಬಲಕ್ಕೆ ಗಂಡು, ಎಡಕ್ಕೆ ಹೆಣ್ಣು.

ಈ ಸೀಮೆಯ ಜನ ದಾಂಪತ್ಯದ ಹಬ್ಬಕ್ಕೆ ಆರಿಸಿಕೊಂಡ ಸಿಹಿ, ದೇವರು ತನ್ನ ಒಡಲಿನ ಅರ್ಧವನ್ನು ಹೆಂಡತಿಗೆ ಬಿಟ್ಟುಕೊಟ್ಟ ಕತೆಯ ನೈವೇದ್ಯವೇ ಆಗಿದೆ. ಸರಿಪಾಲಿನ ಈ ನೆನಪು ವ್ರತದ ಕತೆಯಲ್ಲಿ ಇನ್ನೂ ಹಸಿರಾಗಿದ್ದರೂ ಬೀಗರ ಮನೆಗೆ ಹೋಗುವ ತಟ್ಟೆಗಳಲ್ಲಿ ಅದು ಮರೆತುಹೋಗಿದೆ.

ಸೀರು ಎಂಬ ಲೆಕ್ಕ

ಮದುವೆಯಾದ ಮೊದಲ ವರ್ಷ ಹೆಣ್ಣಿನ ತವರಿನಿಂದ ಗಂಡಿನ ಮನೆಗೆ ಹಬ್ಬಹಬ್ಬಕ್ಕೂ ಸೀರು ಹೋಗುತ್ತದೆ. ಆಡಿಗೆ ಒಂದು, ದೀಪಾವಳಿಗೆ ಒಂದು, ಪೊಂಗಲಿಗೆ ಒಂದು, ಸೀಮಂತಕ್ಕೆ ಮತ್ತೊಂದು. ತಟ್ಟೆಗಳ ಸಂಖ್ಯೆ ಬೆಸವಾಗಿರಬೇಕು ಎಂಬಲ್ಲಿಗೆ ಶಾಸ್ತ್ರ ಮುಗಿಯುತ್ತದೆ, ಆದರೆ ಮಾತು ಅಲ್ಲಿಗೆ ನಿಲ್ಲುವುದಿಲ್ಲ. ಹಿರಿಯ ಸೊಸೆಯ ಮನೆಯಿಂದ ಹನ್ನೊಂದು ತಟ್ಟೆ ಬಂದಿದ್ದರೆ ಕಿರಿಯವಳ ಮನೆಯವರು ಒಂಬತ್ತು ತರುವುದು ಕಷ್ಟ. ಕಜ್ಜಾಯದ ಜೊತೆಗೆ ಬಟ್ಟೆ, ಬಟ್ಟೆಯ ಜೊತೆಗೆ ಉಂಗುರ, ಉಂಗುರದ ಜೊತೆಗೆ ವಾಹನ ಎಂದು ತಟ್ಟೆಯ ಅಂಚು ಬೆಳೆಯುತ್ತ ಹೋಗುತ್ತದೆ. ಮಗ್ಗದ ಕೂಲಿಯಲ್ಲಿಯೋ ಎರಡೆಕರೆ ಹೊಲದಲ್ಲಿಯೋ ಬಾಳುವ ತಂದೆ ತಲೈದೀಪಾವಳಿಗೆಂದು ಕೈಸಾಲ ಮಾಡುವಾಗ, ಆ ಕಜ್ಜಾಯದಲ್ಲಿ ಯಾರ ಒಲವೂ ಉಳಿದಿರುವುದಿಲ್ಲ.

ಉಡುಗೊರೆಗೂ ಬೇಡಿಕೆಗೂ ಇರುವ ಗೆರೆಯನ್ನು ಕಾನೂನು ಬಹು ಹಿಂದೆಯೇ ಎಳೆದಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಯ ಕಾಲದ ಉಡುಗೊರೆಗಳಿಗೆ ಕೆಲವು ಕಟ್ಟುಗಳೊಡನೆ ಎಡೆಮಾಡಿಕೊಟ್ಟಿದೆ. ಯಾರೂ ಕೇಳದೆ ಕೊಟ್ಟಿರಬೇಕು. ಪಟ್ಟಿಯಲ್ಲಿ ಬರೆದಿಟ್ಟಿರಬೇಕು. ಹೆಣ್ಣಿನ ಕಡೆಯವರು ಕೊಟ್ಟುದಾದರೆ ಅದು ವಾಡಿಕೆಯದಾಗಿರಬೇಕು, ಕೊಡುವವರ ಹಣಕಾಸಿನ ಸ್ಥಿತಿಗೆ ಮೀರಿದುದಾಗಿರಬಾರದು. ಪಟ್ಟಿ ಹೇಗಿರಬೇಕೆಂಬುದಕ್ಕೆ 1985ರಲ್ಲಿ ನಿಯಮಗಳೂ ಬಂದವು. ಕಜ್ಜಾಯಕ್ಕೆ ಯಾರೂ ಪಟ್ಟಿ ಬರೆಯಬೇಕಾಗಿಲ್ಲ. ಆದರೂ ಕೇಳಿದ್ದೋ ಕೇಳದ್ದೋ, ಶಕ್ತಿಗೆ ತಕ್ಕುದೋ ಮೀರಿದ್ದೋ ಎಂಬ ಎರಡು ಪ್ರಶ್ನೆಗಳನ್ನು ಪ್ರತಿ ತಟ್ಟೆಯ ಮುಂದೆಯೂ ಇಡಬಹುದು.

ಇದು ಈ ಸೀಮೆಯೊಂದರ ಕತೆಯಲ್ಲ. ಜಪಾನಿನಲ್ಲಿ ಫೆಬ್ರುವರಿ 14ರಂದು ಹೆಂಗಸರು ಗಂಡಸರಿಗೆ ಚಾಕೊಲೇಟ್ ಕೊಡುವ ರೂಢಿ ಬೆಳೆಯಿತು. ಒಲಿದವನಿಗೆ ಕೊಡುವುದನ್ನು ಮನೆಯಲ್ಲಿ ತಾವೇ ಕರಗಿಸಿ ಅಚ್ಚು ಹೊಯ್ದು ಮಾಡುವವರು ಅನೇಕರು. ಕ್ರಮೇಣ ಕಚೇರಿಯ ಮೇಲಧಿಕಾರಿಗಳಿಗೂ ಸಹೋದ್ಯೋಗಿಗಳಿಗೂ ಕೊಡಲೇಬೇಕೆಂಬ ಕಟ್ಟು ಹುಟ್ಟಿತು. ಅದಕ್ಕೆ ಗಿರಿ ಚೊಕೊ ಎಂದು ಹೆಸರು, ಗಿರಿ ಎಂದರೆ ಹೊಣೆ ಅಥವಾ ಋಣ. ಪಡೆದವರು ಮಾರ್ಚ್ 14ರಂದು ಹಿಂದಿರುಗಿಸಿ ಕೊಡುವ ದಿನವೊಂದನ್ನು 1970ರ ದಶಕದ ಕೊನೆಯಲ್ಲಿ ಮಿಠಾಯಿ ತಯಾರಕರು ಹುಟ್ಟುಹಾಕಿದರು. ಕಡೆಗೆ 2018ರ ಫೆಬ್ರುವರಿಯಲ್ಲಿ ಗೊಡೈವಾ ಎಂಬ ಚಾಕೊಲೇಟ್ ಕಂಪೆನಿಯೇ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಕಡ್ಡಾಯದ ಈ ಚಾಕೊಲೇಟನ್ನು ನಿಲ್ಲಿಸಿರೆಂದು ಕೇಳಿಕೊಂಡಿತು. ಮಾರುವವರೇ ಬೇಡವೆನ್ನುವಷ್ಟು ಆ ಋಣ ಭಾರವಾಗಿತ್ತು.

ಎಣಿಸದೆ ಕೊಡುವುದು ಹೇಗಿರುತ್ತದೆಂಬುದಕ್ಕೆ ಧರ್ಮಪುರಿಯ ನೆಲದಲ್ಲಿಯೇ ಹಳೆಯ ನಿದರ್ಶನವೊಂದಿದೆ. ಹಿಂದೆ ತಗಡೂರೆಂಬ ಹೆಸರಿದ್ದ ಆ ಊರನ್ನಾಳಿದ ಅದಿಯಮಾನನಿಗೆ ಆಯುಸ್ಸು ಹೆಚ್ಚಿಸುವ ಅಪರೂಪದ ನೆಲ್ಲಿಕಾಯಿಯೊಂದು ದೊರೆಯಿತು. ಅದನ್ನು ತಾನು ತಿನ್ನದೆ, ಅದರ ಗುಣವನ್ನೂ ಬಾಯಿಬಿಟ್ಟು ಹೇಳದೆ, ಕವಯಿತ್ರಿ ಅವ್ವೈಯಾರಳಿಗೆ ಕೊಟ್ಟನೆಂದು ಸಂಗಂ ಸಾಹಿತ್ಯ ನೆನೆಯುತ್ತದೆ. ಅದು ಗೆಳೆತನದ ಕೊಡುಗೆ. ಆದರೂ ಬೆಲೆ ಹೇಳದೆ ಕೊಟ್ಟ ಆ ಒಂದು ಕಾಯಿಯನ್ನು ಎರಡು ಸಾವಿರ ವರ್ಷಗಳಿಂದ ಜನ ಮರೆತಿಲ್ಲ.

ಗಂಡಸು ಒಲೆಯ ಮುಂದೆ

ಸೀರಿನ ಮತ್ತೊಂದು ಕೊರತೆ ಅದು ಒಂದೇ ದಿಕ್ಕಿಗೆ ಹರಿಯುವುದು. ಮಾಡುವವಳು ಹೆಣ್ಣು, ಹೊರುವವರು ಹೆಣ್ಣಿನ ಕಡೆಯವರು, ಉಣ್ಣುವವರು ಗಂಡಿನ ಮನೆಯವರು. ಹೆಂಡತಿಗೆಂದು ಗಂಡನು ಕೈಯಾರೆ ಸಿಹಿ ಮಾಡಿದರೆ ನಗುವವರೇ ಹೆಚ್ಚು. ಕನ್ನಡದ ಹಳೆಯ ಪುಸ್ತಕಗಳನ್ನು ತೆರೆದರೆ ಈ ನಗೆಗೆ ಆಧಾರ ಸಿಗುವುದಿಲ್ಲ. ಇಮ್ಮಡಿ ಚಾವುಂಡರಾಯನ ಲೋಕೋಪಕಾರದಲ್ಲಿ, ಅಂದರೆ ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ, ಪಾಕಶಾಸ್ತ್ರಕ್ಕೆ ಎಡೆ ದೊರೆತಿತ್ತು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಅಡುಗೆಗೆಂದೇ ಸೂಪಶಾಸ್ತ್ರವೆಂಬ ಪದ್ಯಗ್ರಂಥವನ್ನು ಬರೆದು ಹಿಟ್ಟಿನ ಭಕ್ಷ್ಯಗಳಿಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಗಂಡಸರು ಬರೆದ ಈ ಗ್ರಂಥಗಳು ಅಡುಗೆಯನ್ನು ಕಲಿಯತಕ್ಕ ವಿದ್ಯೆಯೆಂದೇ ಎಣಿಸಿದವು.

ರುಚಿಕಟ್ಟಾದ ಅಡುಗೆಗೆ ನಳಪಾಕವೆಂಬ ಹೆಸರು ಬಂದುದು ಯಾರಿಂದ ಎಂಬುದನ್ನೂ ನೆನೆಯಬೇಕು. ಮಹಾಭಾರತದ ವನಪರ್ವದಲ್ಲಿ ಬರುವ, ಕನಕದಾಸರು ನಳಚರಿತ್ರೆಯಾಗಿ ಕನ್ನಡದಲ್ಲಿ ಹಾಡಿದ ಆ ಕತೆಯಲ್ಲಿ ನಳನು ರಾಜ್ಯವನ್ನೂ ರೂಪವನ್ನೂ ಕಳೆದುಕೊಂಡು, ಬಾಹುಕನೆಂಬ ಹೆಸರಿನಲ್ಲಿ ಪರರ ಸಾರಥಿಯಾಗಿ ದಮಯಂತಿಯ ಊರಿಗೆ ಬರುತ್ತಾನೆ. ನೋಡಿದರೆ ಗುರುತಿಲ್ಲ. ದಮಯಂತಿ ಸಖಿಯನ್ನು ಕಳುಹಿಸಿ ಅವನು ಬೇಯಿಸಿದ ಅಡುಗೆಯಲ್ಲಿ ಒಂದಿಷ್ಟನ್ನು ತರಿಸಿಕೊಂಡು ಬಾಯಿಗಿಡುತ್ತಾಳೆ, ತನ್ನ ಗಂಡನ ಕೈರುಚಿ ಇದೆಂದು ಅರಿಯುತ್ತಾಳೆ. ಹೆಂಡತಿ ಗಂಡನ ಕೈಯಡುಗೆಯನ್ನು ಅಷ್ಟು ಬಲ್ಲವಳಾಗಬೇಕಾದರೆ ಸುಖದ ದಿನಗಳಲ್ಲಿ ಅವನು ಅವಳಿಗೆ ಎಷ್ಟೋ ಸಲ ಬೇಯಿಸಿ ಬಡಿಸಿರಬೇಕು.

ಸೇಲಂ ಸೀಮೆಯ ಕನ್ನಡಿಗರಲ್ಲಿ ಬಹುಸಂಖ್ಯೆಯವರಾದ ದೇವಾಂಗ ನೇಕಾರರ ಮನೆಯಲ್ಲಿ ಜೊತೆಗೆಲಸ ಹೊಸದಲ್ಲ. ಗಂಡಸು ಮಗ್ಗದ ಕುಳಿಯಲ್ಲಿ ಕೂತರೆ ಹೆಂಗಸು ಕಂಡಿಕೆ ಸುತ್ತುತ್ತಾಳೆ, ಇಬ್ಬರ ಕೈಯೂ ಸೇರದೆ ಒಂದು ಸೀರೆ ಇಳಿಯದು. ಮಗ್ಗದ ಬಳಿ ಸಲ್ಲುವುದು ಒಲೆಯ ಬಳಿ ಸಲ್ಲದೆಂಬುದಕ್ಕೆ ಕಾರಣ ಕಾಣದು.

ಮೂರು ದಿನದ ಕೆಲಸ

ಒಲಿದವರಿಗೆ ಕೊಡಲು ಕಜ್ಜಾಯ ತಕ್ಕುದೇಕೆಂದರೆ ಅದನ್ನು ಅವಸರದಲ್ಲಿ ಮಾಡಲಾಗದು. ಒಂದು ಕಿಲೋ ಹಸಿ ಅಕ್ಕಿಯನ್ನು ತೊಳೆದು ಎರಡು ಗಂಟೆ ನೆನೆಸಿ, ನೀರು ಬಸಿದು, ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಬೇಕು. ಮುಟ್ಟಿದರೆ ಕೈಗೆ ತೇವ ತಗುಲಬೇಕು, ನೀರು ಅಂಟಬಾರದು. ಆ ಹದದಲ್ಲಿಯೇ ಕುಟ್ಟಿ ಅಥವಾ ಬೀಸಿ ಜರಡಿ ಹಿಡಿಯಬೇಕು. ಒಣಗಿದ ಅಂಗಡಿ ಹಿಟ್ಟಿನಿಂದ ಕಜ್ಜಾಯ ಮೃದುವಾಗುವುದಿಲ್ಲ, ಏಕೆಂದರೆ ಪಾಕದೊಡನೆ ಬೆರೆತಾಗ ಹಿಟ್ಟು ಅರೆಬೆಂದು ಹೊಂದಿಕೊಳ್ಳಲು ಅದರೊಳಗಿನ ಆ ತೇವವೇ ಬೇಕು.

ಬೆಲ್ಲ ಮುಕ್ಕಾಲು ಕಿಲೋ ಸಾಕು. ಕಡಯಂಪಟ್ಟಿ, ಓಮಲೂರು ಸುತ್ತಿನಲ್ಲಿ ಆಲೆಮನೆಗಳಿರುವುದರಿಂದ ಬೆಲ್ಲಕ್ಕೆ ಬರವಿಲ್ಲ, ಆದರೆ ಆರಿಸುವಲ್ಲಿ ಎಚ್ಚರ ಬೇಕು. ಬಿಳಿ ಸಕ್ಕರೆ ಬೆರೆಸಿದ, ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ರಾಸಾಯನಿಕ ಹಾಕಿದ ಬೆಲ್ಲವನ್ನು ಆಹಾರ ಸುರಕ್ಷತಾ ಅಧಿಕಾರಿಗಳು ಸೇಲಂ ಜಿಲ್ಲೆಯಲ್ಲಿ ಹಲವು ಸಲ ವಶಪಡಿಸಿಕೊಂಡಿದ್ದಾರೆ. ಕೊಳ್ಳುವವರು ಹೊಂಬಣ್ಣವನ್ನೇ ಬಯಸುವುದರಿಂದ ಈ ಕೆಲಸ ನಡೆಯುತ್ತದೆ. ಶುದ್ಧ ಬೆಲ್ಲ ಕಂದುಬಣ್ಣದ್ದು, ಕೆಲವೊಮ್ಮೆ ಕಪ್ಪೇ ಎನ್ನಬಹುದಾದದ್ದು. ಕಜ್ಜಾಯದ ಬಣ್ಣಕ್ಕೂ ಪಾಕದ ಹಿಡಿತಕ್ಕೂ ಅದೇ ಮೇಲು.

ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ ಮತ್ತೆ ಒಲೆಗಿಟ್ಟು ಕುದಿಸಬೇಕು. ಕಜ್ಜಾಯದ ಗೆಲುವು ಸೋಲು ಎರಡೂ ಈ ಪಾಕದಲ್ಲಿವೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟಾಗ ಅದು ಕರಗದೆ, ಬೆರಳಿನಿಂದ ಕೂಡಿಸಿದರೆ ಮೆತ್ತನೆಯ ಉಂಡೆಯಾಗಬೇಕು. ಉಷ್ಣಮಾಪಕ ಇಡುವವರಿಗೆ ಅದು ಸುಮಾರು 115 ಡಿಗ್ರಿ ಸೆಲ್ಸಿಯಸ್. ಅದಕ್ಕೆ ಮೊದಲೇ ಇಳಿಸಿದರೆ ಕಜ್ಜಾಯ ಎಣ್ಣೆಯಲ್ಲಿ ಒಡೆದು ಹರಡುತ್ತದೆ, ಮೀರಿದರೆ ಕಲ್ಲಾಗುತ್ತದೆ. ಹದ ಬಂದೊಡನೆ ಒಲೆಯಿಂದಿಳಿಸಿ ಏಲಕ್ಕಿ, ಒಣಶುಂಠಿಯ ಪುಡಿ, ಎಳ್ಳು ಸೇರಿಸಿ ಹಿಟ್ಟನ್ನು ಸ್ವಲ್ಪಸ್ವಲ್ಪವಾಗಿ ಸುರಿಯುತ್ತ ತಿರುವಬೇಕು. ಒಬ್ಬರು ಸುರಿದು ಮತ್ತೊಬ್ಬರು ತಿರುವಿದರೆ ಗಂಟಾಗದು. ಹಿಟ್ಟನ್ನೆಲ್ಲ ಒಮ್ಮೆಗೇ ಮುಗಿಸದೆ ಒಂದು ಹಿಡಿ ಉಳಿಸಿಕೊಂಡರೆ ಹದ ತಿದ್ದಲು ಒದಗುತ್ತದೆ. ಬಿಸಿಯಲ್ಲಿ ಮಿಶ್ರಣ ಸಡಿಲವಾಗಿ ಕಂಡರೂ ಆರಿದಂತೆ ಬಿಗಿಯುತ್ತದೆ.

ಮೇಲೆ ತುಪ್ಪ ಸವರಿ, ಬಟ್ಟೆ ಕಟ್ಟಿ, ಒಂದೆರಡು ದಿನ ಹಾಗೆಯೇ ಇಡಬೇಕು. ಈ ಕಾಯುವಿಕೆಯಲ್ಲಿ ಹಿಟ್ಟು ಬೆಲ್ಲವನ್ನು ಹೀರಿ ಪಕ್ವವಾಗುತ್ತದೆ. ಮೂರನೆಯ ದಿನ ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಬಾಳೆಲೆಯ ಮೇಲೆ ತಟ್ಟಿ, ಹದವಾದ ಉರಿಯಲ್ಲಿ ಒಂದೊಂದನ್ನೇ ಕರಿಯಬೇಕು. ಬೆಂದ ಕಜ್ಜಾಯವನ್ನು ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಹಿಂಡುವುದು ಇನ್ನೊಬ್ಬರ ಕೆಲಸ. ಕರಿಯುವವರೊಬ್ಬರು, ಒತ್ತುವವರೊಬ್ಬರು ಇಲ್ಲದೆ ಈ ಕೆಲಸ ಸಲೀಸಾಗಿ ಸಾಗದೆಂಬುದನ್ನು ಮಾಡಿದವರು ಬಲ್ಲರು.

ಬಸ್ಸಿನಲ್ಲಿ ಹೋಗುವ ಡಬ್ಬಿ

ಇಂದಿನ ಅಗಲಿಕೆ ಆಡಿ ತಿಂಗಳಿಗೆ ಮುಗಿಯುವುದಿಲ್ಲ. ಸೇಲಂ ಧರ್ಮಪುರಿಗಳ ಎಷ್ಟೋ ಮನೆಗಳಲ್ಲಿ ಗಂಡ ಬೆಂಗಳೂರಿನಲ್ಲಿಯೋ ಹೊಸೂರಿನ ಕಾರ್ಖಾನೆಯಲ್ಲಿಯೋ ತಿರುಪ್ಪೂರಿನ ಬನಿಯನ್ ಕಂಪೆನಿಯಲ್ಲಿಯೋ ಇರುತ್ತಾನೆ, ಕೆಲವೊಮ್ಮೆ ಹೆಂಡತಿಯೇ ಅಲ್ಲಿದ್ದು ಗಂಡ ಊರಿನಲ್ಲಿರುತ್ತಾನೆ. ದಿನವೂ ಫೋನಿನಲ್ಲಿ ಮುಖ ಕಾಣುತ್ತದೆಂಬುದು ನಿಜವಾದರೂ ಊರಿನಿಂದ ಬಂದ ಡಬ್ಬಿಯನ್ನು ತೆರೆಯುವ ಸುಖ ಬೇರೆ. ಕಳುಹಿಸುವವರು ಪಯಣಕ್ಕೆ ತಾಳುವುದನ್ನು ಆರಿಸಬೇಕು. ಬೇಳೆ ಹೂರಣದ ಹೋಳಿಗೆ ಎರಡು ದಿನ ಮೀರಿದರೆ ಹಳಸುತ್ತದೆ. ಚೆನ್ನಾಗಿ ಎಣ್ಣೆ ಹಿಂಡಿ ಪೂರ್ತಿ ಆರಿಸಿದ ಕಜ್ಜಾಯ ವಾರಕ್ಕೂ ಮಿಕ್ಕಿ ನಿಲ್ಲುತ್ತದೆ, ಎಳ್ಳುಂಡೆ ಇನ್ನೂ ಹೆಚ್ಚು. ಬಿಸಿಯಿರುವಾಗಲೇ ಮುಚ್ಚಳ ಹಾಕಿದರೆ ಹಬೆ ನೀರಾಗಿ ಬೂಸು ಹಿಡಿಯುವುದರಿಂದ ಆರುವ ತನಕ ತಾಳ್ಮೆ ಬೇಕು.

ಪಡೆಯುವವರ ಮೈಸ್ಥಿತಿಯನ್ನು ಅರಿತು ಕೊಡುವುದೂ ಒಲವಿನ ಭಾಗವೇ. ಸಕ್ಕರೆ ಕಾಯಿಲೆಯವರಿಗೆ ಬೆಲ್ಲ ಅಪಾಯವಿಲ್ಲದ್ದೆಂಬ ನಂಬಿಕೆ ಹಳ್ಳಿಗಳಲ್ಲಿ ಹರಡಿದೆ, ಅದು ತಪ್ಪು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ. ಅಂಥವರಿಗೆ ನಿಂಬೆಗಾತ್ರದ ಉಂಡೆಯ ಬದಲು ನೆಲ್ಲಿಗಾತ್ರದಲ್ಲಿ ಒಂದೇ ಒಂದನ್ನು ತಟ್ಟಿ ಕೊಟ್ಟರೆ, ಇಪ್ಪತ್ತು ಕೊಟ್ಟು ನೋಯಿಸುವುದಕ್ಕಿಂತ ಎಷ್ಟೋ ಮೇಲು.

ಈ ಡಬ್ಬಿಯ ಜೊತೆಗೆ ಇನ್ನೊಂದು ವಸ್ತುವೂ ಸಾಗುತ್ತದೆ. ತಮಿಳುನಾಡಿನ ಕನ್ನಡ ಮನೆಗಳಲ್ಲಿ ಬೆಳೆಯುವ ಮಕ್ಕಳು ಬಹುಮಟ್ಟಿಗೆ ತಮಿಳಿನಲ್ಲಿ ಓದುತ್ತಾರೆ, ಕನ್ನಡ ಅವರಿಗೆ ಮನೆಮಾತಾಗಿ ಮಾತ್ರ ದೊರೆಯುತ್ತದೆ. ಕಣಕ, ಹೂರಣ, ಪಾಕ, ಹದ, ಸಟ್ಟುಗ, ಜರಡಿ ಎಂಬ ಮಾತುಗಳು ಅವರ ಕಿವಿಗೆ ಬೀಳುವುದು ಒಲೆಯ ಮುಂದೆ. ಅಂಗಡಿಯಿಂದ ತಂದ ಪೆಟ್ಟಿಗೆಯನ್ನು ತೆರೆಯಲು ಈ ಮಾತುಗಳು ಬೇಕಾಗುವುದಿಲ್ಲ. ತಂದೆತಾಯಿ ಜೊತೆಯಾಗಿ ಪಾಕ ನೋಡುತ್ತ ಒಬ್ಬರಿಗೊಬ್ಬರು ಹದ ಹೇಳಿಕೊಳ್ಳುವುದನ್ನು ಕೇಳಿ ಬೆಳೆದ ಮಗುವಿಗೆ ನುಡಿಯೂ ದಾಂಪತ್ಯದ ನಡೆಯೂ ಒಟ್ಟಿಗೇ ದಕ್ಕುತ್ತವೆ.

ಬರುವ ದೀಪಾವಳಿಗೆ ಹೊಸ ಅಳಿಯನನ್ನು ಕರೆಯುವ ಮನೆಗಳು ಒಂದು ಮಾರ್ಪಾಟು ಮಾಡಿ ನೋಡಬಹುದು. ದೇವರ ಮುಂದಿನ 21 ಕಜ್ಜಾಯಗಳ ಲೆಕ್ಕ ಹಾಗೆಯೇ ಇರಲಿ, ಬೀಗರ ತಟ್ಟೆಗಳನ್ನು ಎಣಿಸುವುದು ನಿಲ್ಲಲಿ. ಹಬ್ಬಕ್ಕೆ ಮೂರು ದಿನ ಮುಂಚೆ ಗಂಡಿನ ಮನೆಯಲ್ಲಿಯೂ ಅಕ್ಕಿ ನೆನೆಯಲಿ. ತಾಯಿ ಹದ ಹೇಳಿಕೊಡಲಿ, ಮಗ ಪಾಕ ತಿರುವಲಿ. ಅಳಿಯನು ಮಾವನ ಮನೆಯ ಹೊಸಿಲು ತುಳಿಯುವಾಗ ಹೆಂಡತಿಗೆಂದು ತಾನೇ ಕರಿದ ಕಜ್ಜಾಯದ ಡಬ್ಬಿ ಅವನ ಕೈಯಲ್ಲಿರಲಿ. ಮೊದಲ ಸಲದ ಕಜ್ಜಾಯ ಅಂಚಿನಲ್ಲಿ ಒಡೆದಿದ್ದರೂ ಚಿಂತೆಯಿಲ್ಲ. ಮುಂದಿನ ವರ್ಷಕ್ಕೆ ಪಾಕ ಕೈಗೆ ಹತ್ತುತ್ತದೆ.